ಮದುವೆಯ ನಂತರದ ಹೆಸರನ್ನು ವಲಸೆ ಅರ್ಜಿಯಲ್ಲಿ ರುಜುವಾತುಪಡಿಸಿದ ಬಗೆ: ನನ್ನ ಅನುಭವ

ಅಫಿಡವಿಟ್ ಒಂದಿದ್ದರೆ ಸಾಕು ಎಂದವರೂ, ಗೆಜೆಟ್ ಪ್ರಕಟಣೆಯಿಲ್ಲದೆ ಕಡತ ಮುಂದಕ್ಕೆ ಸರಿಯುವುದೇ ಇಲ್ಲ ಎಂದವರೂ ನನ್ನ ಮಟ್ಟಿಗೆ ತಪ್ಪಿದರು. ಮೊದಲನೆಯವರ ಮಾತು ಕೇಳಿ ಹಣ ಕಳೆದುಕೊಂಡೆ. ಎರಡನೆಯವರ ಮಾತು ಕೇಳದೆಯೇ ಕೆಲಸ ಮುಗಿಸಿದೆ.

ನನ್ನ ಕಡತದಲ್ಲಿ ಹೆಸರುಗಳು ಎರಡಲ್ಲ, ಮೂರು ಇದ್ದವು. ಜನನ ಪ್ರಮಾಣಪತ್ರ ಮತ್ತು ಪದವಿ ಪತ್ರಗಳಲ್ಲಿ ತವರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಪತಿಯ ಕುಲನಾಮ, ನಡುವಿನ ಸುಮಾರು ಎರಡು ವರ್ಷಗಳ ಬ್ಯಾಂಕ್ ಮತ್ತು ಉದ್ಯೋಗದ ದಾಖಲೆಗಳಲ್ಲಿ ಎರಡನ್ನೂ ಸೇರಿಸಿದ ಉದ್ದನೆಯ ಹೆಸರು. ವಿವಾಹ ಪ್ರಮಾಣಪತ್ರವು ಇವನ್ನೆಲ್ಲ ಜೋಡಿಸುತ್ತದೆ ಎಂದು ನಂಬಿದ್ದೆ. ಆದರೆ ಅದರಲ್ಲಿ ಇದ್ದದ್ದು ಸಹಿ ಹಾಕಿದ ದಿನದ ಹೆಸರು ಮಾತ್ರ. ಮುಂದೆ ನಾನು ಯಾವ ಹೆಸರಿಟ್ಟುಕೊಂಡೆ ಎಂಬುದಕ್ಕೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮೊದಲ ಅರ್ಜಿಗೆ ಅಫಿಡವಿಟ್ ಬರೆಸಿ, ನೋಟರಿ ಮಾಡಿಸಿ, ಅದಕ್ಕೆ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ನೀಡುವ ದೃಢೀಕರಣ, ಹಾಕಿಸಿದೆ. ಅಪಾಸ್ಟಿಲ್ ಖಚಿತಪಡಿಸುವುದು ಸಹಿ ಮತ್ತು ಮುದ್ರೆ ಅಸಲಿ ಎಂಬುದನ್ನಷ್ಟೇ. ಒಳಗಿನ ಮಾತಿಗೆ ಅದು ಹೊಣೆಯಲ್ಲ. ಎಷ್ಟು ಮುದ್ರೆ ಬಿದ್ದರೂ ಅಫಿಡವಿಟ್ ನನ್ನದೇ ಮಾತು. ಸಾಲದೆಂಬಂತೆ, ‘ಬಳಸಿದ ಇತರ ಹೆಸರುಗಳು’ ಎಂಬ ಅಂಕಣ ಅಪರಾಧಿಗಳಿಗೆ ಮೀಸಲಾದದ್ದೆಂದು ಭಾವಿಸಿ ಖಾಲಿ ಬಿಟ್ಟಿದ್ದೆ. ಏಳೆಂಟು ವಾರಗಳ ನಂತರ ಕಡತ ಹಿಂದಿರುಗಿತು. ದಾಖಲೆಗಳಿಗೆಂದು ತೆಗೆದಿರಿಸಿದ್ದ ಹಣದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಲ್ಲಿಗೇ ಮುಗಿದಿತ್ತು. ಏಜೆಂಟರ ಶುಲ್ಕ ಬೇರೆ.

ಎರಡನೆಯ ಸಲ ಹೊಸ ಪ್ರಮಾಣಪತ್ರಗಳ ಬೆನ್ನು ಹತ್ತಲಿಲ್ಲ. ಇದ್ದ ಹದಿನಾಲ್ಕೋ ಹದಿನೈದೋ ದಾಖಲೆಗಳನ್ನು ದಿನಾಂಕದ ಕ್ರಮದಲ್ಲಿಟ್ಟು, ಪ್ರತಿಯೊಂದರಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ, ಇನಿಷಿಯಲ್ ಮತ್ತು ನಡುವಿನ ಖಾಲಿ ಜಾಗವನ್ನೂ ಬಿಡದೆ, ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಹೆಸರು ಬದಲಾದ ಪ್ರತಿಯೊಂದು ಕಡೆಯಲ್ಲಿ, ಹಳೆಯದು ಮತ್ತು ಹೊಸದು ಎರಡನ್ನೂ ಹೇಳುವ, ನಾನು ಬರೆಯದ ಒಂದು ಕಾಗದ ಬೇಕು ಎಂಬುದಷ್ಟೇ ನನ್ನ ಲೆಕ್ಕಾಚಾರ. ಹೊಸ ಪಾಸ್‌ಪೋರ್ಟಿನ ಷರಾ ಪುಟದಲ್ಲಿ ಹಿಂದಿನ ಹೆಸರು ಮತ್ತು ರದ್ದಾದ ಪಾಸ್‌ಪೋರ್ಟಿನ ಸಂಖ್ಯೆ ನಮೂದಾಗಿದ್ದದ್ದು ನನ್ನ ಅದೃಷ್ಟ. ಮೊದಲ ಸಲ ಆ ಪುಟದ ನಕಲನ್ನೇ ಲಗತ್ತಿಸಿರಲಿಲ್ಲ! ನಡುವಿನ ಉದ್ದನೆಯ ಹೆಸರಿಗೆ ಉದ್ಯೋಗದಾತರ ಪತ್ರ ನೆರವಾಯಿತು: ಮೂರೂ ಹೆಸರುಗಳು, ಜನ್ಮದಿನಾಂಕ, ಬದಲಾಗದ ಸಿಬ್ಬಂದಿ ಸಂಖ್ಯೆ, ಎಲ್ಲವೂ ಒಂದೇ ಪುಟದಲ್ಲಿ. ಪೊಲೀಸ್ ಪ್ರಮಾಣಪತ್ರವನ್ನು ಮಾತ್ರ ಎಲ್ಲ ಹೆಸರುಗಳನ್ನೂ ಕಾಣಿಸಿ ಮತ್ತೆ ಮಾಡಿಸಬೇಕಾಯಿತು. ವಿಶ್ವವಿದ್ಯಾಲಯದಿಂದ ಹತ್ತೇ ದಿನಗಳಲ್ಲಿ ಎರಡೂ ಹೆಸರುಗಳಿರುವ ಪತ್ರವನ್ನು ಹೇಗೆ ಪಡೆದೆ ಎಂಬುದನ್ನು ಇಲ್ಲಿ ಬರೆಯಲಾರೆ. ಎಲ್ಲರೂ ಅದೇ ದಾರಿ ಹಿಡಿದರೆ ಆ ಬಾಗಿಲು ಮುಚ್ಚೀತು.

ಈ ನಡುವೆ ಕುತೂಹಲಕ್ಕೆಂದು ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳನ್ನು ಎಣಿಸುತ್ತಾ ಕುಳಿತೆ. ಸಾಲಿಗೆ 44 ಸ್ಥಾನಗಳು. ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39. ಅಲ್ಲಿ ಕುಲನಾಮ ಮೊದಲು, ಎರಡು ಕೋನಚಿಹ್ನೆಗಳ (<<) ನಂತರ ಉಳಿದ ಹೆಸರು. ನಾನು ಕುಲನಾಮದ ಭಾಗವೆಂದು ಅರ್ಜಿಯಲ್ಲಿ ತುಂಬಿದ್ದ ಪದವೊಂದು ಅಲ್ಲಿ ಆ ಚಿಹ್ನೆಗಳ ಆಚೆ ಕುಳಿತಿತ್ತು. ಅರ್ಜಿಯನ್ನು ಅದಕ್ಕೆ ಹೊಂದಿಸಿದೆ. ಇಬ್ಬರು ಅನುವಾದಕರು ನನ್ನ ಹೆಸರನ್ನು ಎರಡು ಕಾಗುಣಿತಗಳಲ್ಲಿ ಬರೆದಿದ್ದುದು ಬೆಳಕಿಗೆ ಬಂದದ್ದೂ ಆಗಲೇ. ಪಾಸ್‌ಪೋರ್ಟಿನ ಕಾಗುಣಿತವನ್ನೇ ಬಳಸಿ, ಮೂಲದಲ್ಲಿ ಬೇರೆ ರೀತಿ ಇದ್ದರೆ ಅನುವಾದಕರ ಟಿಪ್ಪಣಿಯಲ್ಲಿ ತಿಳಿಸಿ ಎಂದು ಹೇಳಿ, ಮತ್ತೊಮ್ಮೆ ಹಣ ಕೊಟ್ಟು ಎಲ್ಲವನ್ನೂ ಒಬ್ಬರಿಂದಲೇ ಮಾಡಿಸಿದೆ.

ಎರಡನೆಯ ಕಡತಕ್ಕೆ ಹೆಸರಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ; ಐದು ತಿಂಗಳೊಳಗೆ ಮಂಜೂರಾಯಿತು. ಇದು ನಡೆಯುವುದಿಲ್ಲ ಎಂದಿದ್ದ ಏಜೆಂಟರು ಈಚೆಗೆ ಆ ಹಾಳೆಯ ನಕಲು ಕೇಳಿದರು. ಕೊಟ್ಟೆ, ಕೊನೆಯ ಅಂಕಣವೊಂದನ್ನು ಬಿಟ್ಟು.