ರಿಟ್ರೀವರ್ ಸಾಕುವವರು ಮೊದಲು ಅದರ ತಾಟು ನೋಡಿಕೊಳ್ಳಿ

ಬೆಟಗೇರಿಯಲ್ಲಿ ನಮ್ಮದು ಕೈಮಗ್ಗದ ಮನೆ. ಪಡಸಾಲೆಯಲ್ಲಿ ಮಗ್ಗ, ಅದರ ಪಕ್ಕದಲ್ಲಿ ಬಂಗಾರಿ: ಹಳದಿ ಬಣ್ಣದ ಲ್ಯಾಬ್ರಡಾರ್ ನಾಯಿ, ಆರು ವರ್ಷದವಳು. ಲಾಳಿ ಕೈತಪ್ಪಿ ಬಿದ್ದರೆ ಬಾಯಲ್ಲಿ ಎತ್ತಿ ತಂದು ನನ್ನ ಅಂಗೈಯಲ್ಲಿಡುತ್ತಾಳೆ. ಲಾಳಿ ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ಆದರೆ ಹಲ್ಲಿನ ಗುರುತಿಲ್ಲ, ನೂಲು ಹರಿದಿಲ್ಲ. ಬೇಟೆಗಾರ ಹೊಡೆದ ಹಕ್ಕಿಯನ್ನು ಕೆಡಿಸದೆ ತಂದುಕೊಡಲೆಂದೇ ಬೆಳೆಸಿದ ರಿಟ್ರೀವರ್ ತಳಿಗಳಿವು. ಲ್ಯಾಬ್ರಡಾರ್ ಆಗಲಿ, ಗೋಲ್ಡನ್ ಆಗಲಿ, ಬಾಯಿ ಇಷ್ಟೇ ಮೃದು.

ಮರಿಯಾಗಿದ್ದಾಗ ಇದೇ ಬಾಯಿಗೆ ಚಪ್ಪಲಿ, ಕಾಲೊರಸು, ನೂಲಿನ ಉಂಡೆ ಎಲ್ಲವೂ ಬೇಕು. ಬೆನ್ನಟ್ಟಿದರೆ ಅದಕ್ಕೆ ಆಟ; ಕಸಿಯಲು ಹೋದರೆ ಅವಸರದಲ್ಲಿ ನುಂಗಿಬಿಡುತ್ತದೆ. ರೊಟ್ಟಿಯ ಚೂರನ್ನು ಮೂಗಿನ ಮುಂದೆ ಹಿಡಿದು ‘ಬಿಡು’ ಎನ್ನಿ. ಬಾಯಿ ತೆರೆದ ಕೂಡಲೇ ಚೂರು ಕೊಡಿ. ದಿನವೂ ನಾಲ್ಕಾರು ಸಲ ಮಾಡಿದರೆ ಸಾಕು, ಕಲಿಯುತ್ತದೆ.

ನಿಜವಾದ ಕಷ್ಟ ಊಟದ್ದು. ಈ ನಾಯಿಗಳಿಗೆ ಹೊಟ್ಟೆ ತುಂಬಿತೆಂಬುದೇ ತಿಳಿಯುವುದಿಲ್ಲ. ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರ್‌ಗೆ ಹಸಿವನ್ನು ಹತೋಟಿಯಲ್ಲಿಡುವ ಜೀನ್‌ನ ಒಂದು ತುಣುಕೇ ಇಲ್ಲವೆಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಕಂಡುಕೊಂಡರು. ನಮ್ಮ ಅವ್ವನಿಗೆ ಬಂಗಾರಿಯ ಕಣ್ಣು ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು. ಬೆಳಿಗ್ಗೆ ಅರ್ಧ ರೊಟ್ಟಿ, ಮಧ್ಯಾಹ್ನ ಅರ್ಧ, ಸಂಜೆ ಚಹಾದ ಜೊತೆ ಬಿಸ್ಕತ್ತು. ಬಂಗಾರಿ 38 ಕಿಲೋ ಆದಳು. ಹೆಣ್ಣು ಲ್ಯಾಬ್ರಡಾರ್ 25ರಿಂದ 32 ಕಿಲೋ ಇದ್ದರೆ ಸರಿ. ಏರಿದ ತೂಕವೆಲ್ಲ ಸೊಂಟದ ಕೀಲಿನ ಮೇಲೆ ಬೀಳುತ್ತದೆ, ಈ ತಳಿಗಳಿಗೆ ಮೊದಲೇ ಅದು ದುರ್ಬಲ. ಕಟ್ಟೆ ಹತ್ತಲು ಬಂಗಾರಿ ಮುಂಗಾಲಿಟ್ಟು ನನ್ನ ಮುಖ ನೋಡಿದ ದಿನ ನಾನು ಅತ್ತಿದ್ದೇನೆ.

ಪಶುವೈದ್ಯರು ಒಂದು ಪರೀಕ್ಷೆ ಕಲಿಸಿದರು. ಪಕ್ಕೆಲುಬಿನ ಮೇಲೆ ಬೆರಳಾಡಿಸಿ. ಅಂಗೈ ಹಿಂಭಾಗದ ಎಲುಬು ತಾಕುವಂತೆ ತಾಕಿದರೆ ಸರಿ. ಅಂಗೈಯಂತೆ ಮೆತ್ತಗಿದ್ದರೆ ಬೊಜ್ಜು. ಮುಷ್ಟಿಯ ಗೆಣ್ಣಿನಂತೆ ಉಬ್ಬಿದ್ದರೆ ಸೊರಗಿದೆ. ಈಗ ಬೆಳಿಗ್ಗೆಯೇ ದಿನದ ಆಹಾರ ಅಳೆದು ಡಬ್ಬಿಗೆ ಹಾಕುತ್ತೇನೆ. ಯಾರು ಏನು ಕೊಡುವುದಿದ್ದರೂ ಅದರಿಂದಲೇ. ಅವ್ವನ ಕೈಯಿಂದ ತುತ್ತು ಕೊಡುವುದು ತಪ್ಪಲಿಲ್ಲ, ಹೆಚ್ಚಿನ ತುತ್ತು ತಪ್ಪಿತು. ಎಂಟು ತಿಂಗಳಲ್ಲಿ ತೂಕ 31ಕ್ಕೆ ಇಳಿಯಿತು.

ನಮ್ಮ ಕಡೆ ಇನ್ನೊಂದು ಅಪಾಯ ಉಳ್ಳಾಗಡ್ಡಿ. ಜುಣಕ, ಪಲ್ಯ ಸವರಿದ ರೊಟ್ಟಿ ಹಾಕಲೇಬೇಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಂಡಿಯೊಳಗಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ.

ಗದಗಿನ ಬೇಸಿಗೆಗೆಂದು ಕೂದಲು ಬೋಳಿಸಬೇಡಿ. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಬಾಚಿ ಉದುರಿದ್ದನ್ನು ತೆಗೆದರೆ ಸಾಕು. ನಡಿಗೆ ಸೂರ್ಯ ಏರುವ ಮೊದಲೇ ಮುಗಿಯಲಿ. ವಿಪರೀತ ತೇಕುತ್ತ ತೂರಾಡಿದರೆ ಮೈಗೆ ನೀರು ಹಾಕಿ, ಫ್ಯಾನ್ ಹಚ್ಚಿ, ತಡಮಾಡದೆ ವೈದ್ಯರ ಬಳಿ ಒಯ್ಯಿರಿ.

ಲಸಿಕೆ ಆರರಿಂದ ಎಂಟನೆಯ ವಾರಕ್ಕೆ ಶುರು, ಮೂರು ತಿಂಗಳಿಗೆ ರೇಬೀಸ್‌ನದು, ಮುಂದೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ. ನಾಯಿಯ ರಕ್ತ ಹೀರುವ ಉಣ್ಣೆಹುಳಕ್ಕೆ ಸೀಮೆಎಣ್ಣೆ ಸುರಿಯುವವರಿದ್ದಾರೆ. ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಹೋಗುತ್ತದೆ. ರಾತ್ರಿ ಮಗ್ಗ ನಿಲ್ಲಿಸಿದ ಮೇಲೆ ನಾನು ಬಂಗಾರಿಯ ಜೋಲುಕಿವಿ ಎತ್ತಿ ತೇವವಿದ್ದರೆ ಒರೆಸುತ್ತೇನೆ, ಕಾಲ್ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ಉಣ್ಣೆ ಮೊದಲು ಅಡಗುವುದು ಅಲ್ಲಿಯೇ.