ಐಲರ್ಸ್ ಮನೆತನದ ಮೂಲ ಹುಡುಕಿದ್ದು

ನನ್ನ ಗಂಡನ ಮನೆಯವರ ಅಡ್ಡಹೆಸರು ಐಲರ್ಸ್. ಅಮೆರಿಕದ ಅಯೋವಾ ರಾಜ್ಯದ ಗ್ರಂಡಿ ಕೌಂಟಿಯಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದವರು. ಮೂಲ ಜರ್ಮನಿಯ ಓಸ್ಟ್‌ಫ್ರೀಸ್‌ಲಾಂಡ್, ಅಂದರೆ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರದ ದಂಡೆಯ ಸೀಮೆ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಯಾವ ಊರು, ಈ ಹೆಸರು ಯಾವಾಗ ಬಂತು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹುಡುಕಾಟ ಶುರುಮಾಡಿದ್ದು ಅಮೆರಿಕದ ಕಡೆಯಿಂದಲೇ. ವಲಸೆ ಹೋಗುವವರು ಹಡಗು ಹತ್ತುತ್ತಿದ್ದ ಜರ್ಮನಿಯ ಬ್ರೆಮೆನ್ ಬಂದರಿನ ಹಳೇ ಪ್ರಯಾಣಿಕರ ಪಟ್ಟಿಗಳು ಬಹುಪಾಲು ನಾಶವಾಗಿವೆ, ಉಳಿದಿರೋದು 1920ರಿಂದ 1939ರವರೆಗಿನವು. ನ್ಯೂಯಾರ್ಕ್‌ನ ಪಟ್ಟಿಗಳು ಸಿಗುತ್ತವೆ, ಆದರೆ ಊರಿನ ಜಾಗದಲ್ಲಿ ಸುಮ್ನೆ 'ಹ್ಯಾನೋವರ್' ಅಥವಾ 'ಪ್ರಷ್ಯಾ' ಅಂತ ರಾಜ್ಯದ ಹೆಸರಷ್ಟೇ ಬರೆದಿರುತ್ತಾರೆ. ನನ್ನ ಕೈ ಹಿಡಿದದ್ದು ಒಂದು ಪತ್ರಿಕೆ. ಅಯೋವಾದ ಬ್ರೀಡಾ ಊರಿನಿಂದ 1882ರಿಂದ 1971ರವರೆಗೆ 'ಓಸ್ಟ್‌ಫ್ರೀಸಿಷೆ ನಾಖ್‌ರಿಖ್ಟನ್' ಬರುತ್ತಿತ್ತು. ವಲಸೆ ಬಂದವರ ಸಾವಿನ ಸುದ್ದಿಯಲ್ಲಿ ಹುಟ್ಟೂರನ್ನೂ ಹಾಕುತ್ತಿದ್ದರು. ಅಲ್ಲೇ ಸಿಕ್ಕಿತು: ಗ್ರೋಸೆಫೇನ್. 1633ರಲ್ಲಿ ಜೌಗು ನೆಲದಲ್ಲಿ ಕಾಲುವೆ ತೋಡಿ, ಪೀಟ್ (ಒಣಗಿಸಿ ಉರುವಲಾಗಿ ಬಳಸುವ ಜೌಗು ಮಣ್ಣು) ಕಡಿದು ದೋಣಿಯಲ್ಲಿ ಸಾಗಿಸೋಕೆ ಕಟ್ಟಿದ ಊರು.

ಊರು ಗೊತ್ತಾದ ಮೇಲೆ ಚರ್ಚ್ ದಾಖಲೆ. ಬರವಣಿಗೆ ಕುರೆಂಟ್ ಅನ್ನೋ ಹಳೇ ಜರ್ಮನ್ ಲಿಪಿ. ಅದರಲ್ಲಿ 'ಇ' ನೋಡೋಕೆ 'ಎನ್' ಥರ. 'ಯು' ಕೂಡ ಹಾಗೇ, ಆದರೆ ಅದರ ತಲೆ ಮೇಲೆ ಸಣ್ಣ ಕಮಾನು ಇರುತ್ತದೆ. ಹೆಸರು ಓದೋಕೆ ಹೋಗದೆ ಮೊದಲು ತಿಂಗಳ ಹೆಸರುಗಳನ್ನು ಓದಿದೆ. ಅವು ಗೊತ್ತಿರುವ ಪದಗಳು, ಅಲ್ವಾ? ಅದೇ ಪಾದ್ರಿಯ ಕೈಬರಹದಿಂದ ಒಂದೊಂದೇ ಅಕ್ಷರ ಎತ್ತಿ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಪಾದ್ರಿ ಬದಲಾದಾಗ ಹಾಳೆಯೂ ಹೊಸದು.

ಹಿಂದಕ್ಕೆ ಹೋದಂತೆ ಐಲರ್ಸ್ ಅನ್ನೋ ಹೆಸರು ಎಲ್ಲ ತಲೆಮಾರಲ್ಲೂ ಇಲ್ಲ! ಯಾಕೆಂದರೆ ಅಲ್ಲಿ ಅಪ್ಪನ ಹೆಸರೇ ಮಕ್ಕಳ ಎರಡನೇ ಹೆಸರು. ಯಾನ್‌ನ ಮಗ ಐಲರ್ಟ್ ಯಾನ್ಸೆನ್, ಅವನ ಮಗ ಯಾನ್ ಐಲರ್ಸ್. ಮೊದಲ ಗಂಡುಮಗುವಿಗೆ ಅಪ್ಪನ ತಂದೆಯ ಹೆಸರು ಇಡೋದು ವಾಡಿಕೆ. ಹಾಗಾಗಿ ಐಲರ್ಸ್, ಯಾನ್ಸೆನ್ ಒಂದಾದ ಮೇಲೊಂದು ಬರುತ್ತವೆ. ಮೈಸೂರು ಕಡೆ ಹುಟ್ಟಿ, ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಬೆಳೆದ ನನಗೆ ಇದು ಥಟ್ಟನೆ ಅರ್ಥವಾಯಿತು. ಅಲ್ಲಿಂದ ಮುಂದೆ ಅಡ್ಡಹೆಸರು ಹುಡುಕೋದನ್ನು ಬಿಟ್ಟೆ. ಊರು, ಅಪ್ಪನ ಹೆಸರು, ಅಮ್ಮನ ಪೂರ್ತಿ ಹೆಸರು, ಈ ಮೂರನ್ನು ಹಿಡಿದು ಹೋದೆ. ಮದುವೆಯಾದ ಮೇಲೂ ಹೆಂಗಸರನ್ನು ಅವರ ಅಪ್ಪನ ಹೆಸರಿನಿಂದಲೇ ಬರೆದಿರೋದರಿಂದ ಅಮ್ಮನ ಹೆಸರೇ ಜಾಸ್ತಿ ನಂಬಿಕೆಯ ಗುರುತು.

ಹೆಸರು ನಿಂತದ್ದು ನೆಪೋಲಿಯನ್ ಕಾಲದಲ್ಲಿ. 1810ರಲ್ಲಿ ಓಸ್ಟ್‌ಫ್ರೀಸ್‌ಲಾಂಡ್ ಫ್ರಾನ್ಸ್‌ಗೆ ಸೇರಿತು. 1811ರ ಆಗಸ್ಟ್‌ನಲ್ಲಿ ಎಲ್ಲರೂ ಒಂದೇ ಖಾಯಂ ಅಡ್ಡಹೆಸರು ಇಟ್ಟುಕೊಳ್ಳಬೇಕು ಅಂತ ಆಜ್ಞೆ ಬಂತು. ಜನ ಅಷ್ಟು ಸುಲಭಕ್ಕೆ ಹಳೇ ಪದ್ಧತಿ ಬಿಡಲಿಲ್ಲ. ನಮ್ಮ ಮನೆತನದಲ್ಲೇ ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ದೊಡ್ಡವರು ಐಲರ್ಸ್, ಆಜ್ಞೆ ಬಂದ ಮೇಲೆ ಹುಟ್ಟಿದವರು ಅಪ್ಪನ ಎರಡನೇ ಹೆಸರನ್ನೇ ಹಿಡಿದು ಯಾನ್ಸೆನ್. ಈ ಪುಟ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ ಇತ್ತು, ನ್ಯೂಯಾರ್ಕ್‌ನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಿಸಿದ ಅಂತ. ಇವರು ಬಂದದ್ದು 1860ರ ದಶಕದಲ್ಲಿ, ಎಲ್ಲಿಸ್ ದ್ವೀಪ ತೆರೆದದ್ದು 1892ರಲ್ಲಿ. ಇವರು ಇಳಿದದ್ದು ಅದಕ್ಕಿಂತ ಹಿಂದಿನ ವಲಸೆ ಕೇಂದ್ರವಾದ ಕ್ಯಾಸಲ್ ಗಾರ್ಡನ್‌ನಲ್ಲಿ. ಊರಲ್ಲಿ ಸ್ವಂತ ಜಮೀನಿಲ್ಲದ ಕೂಲಿ ಮನೆತನ, ಅಯೋವಾದಲ್ಲಿ ಕಪ್ಪು ಮಣ್ಣಿನ ಹೊಲ ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು. ಮೊದಲು ಬಂದವರು ಕಾಗದ ಬರೆದು ನೆಂಟರಿಷ್ಟರನ್ನು ಕರೆಸಿಕೊಂಡರು.

ಈ ಸೀಮೆಯ ಮನೆತನ ಹುಡುಕುವವರು ಔರಿಖ್ ಊರಿನ ಉಪ್‌ಸ್ಟಾಲ್ಸ್‌ಬೋಮ್ ಸಂಘ ಹೊರತಂದಿರುವ ಊರುವಾರು ಕುಟುಂಬ ಪುಸ್ತಕಗಳನ್ನು ನೋಡಿ. ಆದರೆ ಅದರಲ್ಲಿ ಸಿಕ್ಕಿದ ಪ್ರತಿಯೊಂದು ದಿನಾಂಕವನ್ನೂ ಚರ್ಚ್ ದಾಖಲೆಯ ಜೊತೆ ತಾಳೆ ನೋಡಿಕೊಳ್ಳಿ. ನಾನೀಗ ಯಾನ್ಸೆನ್ ಆದ ಆ ಚಿಕ್ಕ ಮಕ್ಕಳ ಸಂತತಿಯನ್ನು ಹುಡುಕುತ್ತಿದ್ದೇನೆ. ಅವರಲ್ಲಿ ಒಬ್ಬನ ಮಕ್ಕಳು ನೆಬ್ರಾಸ್ಕಾಕ್ಕೆ ಹೋಗಿ ಜಾನ್ಸನ್ ಆಗಿದ್ದಾರೆ.