ಹೊರದೇಶಕ್ಕೆ ಕಾಫಿ: ಡಬ್ಬಿ ಪ್ರಿಂಟ್ ಮಾಡಿಸುವ ಮೊದಲು

ಮೂಡಿಗೆರೆ, ಸಕಲೇಶಪುರದ ಕಡೆ ಈಗ ಎಲ್ಲರ ಬಾಯಲ್ಲೂ ನೇರ ರಫ್ತಿನ ಮಾತು. ಒಳ್ಳೆಯದೇ. ಆದರೆ ಬಹಳ ಜನರ ಮಾರುಕಟ್ಟೆ ಅಧ್ಯಯನ ಎಂದರೆ ದುಬೈಯಲ್ಲಿರುವ ಭಾವಮೈದುನನಿಗೆ ಒಂದು ಫೋನು, ಮೊಬೈಲಿನಲ್ಲಿ ಲಂಡನ್ ರೇಟು. ಮಾರನೇ ವಾರವೇ ಡಬ್ಬಿ ಪ್ರಿಂಟ್ ಆಗಿರುತ್ತದೆ!

ಮೊದಲು ಒಂದು ದೇಶ, ಒಂದು ಸರಕು ಆರಿಸಿ. ‘ಯುರೋಪಿಗೆ ಕಾಫಿ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಹುರಿಯದ ಬೀಜದ ಕಸ್ಟಮ್ಸ್ ಕೋಡ್ 0901.11, ಹುರಿದದ್ದು 0901.21. ಚಿಕೋರಿ ಬೆರೆತರೆ ಕೋಡೇ ಬೇರೆ. ಟ್ರೇಡ್ ಮ್ಯಾಪ್ ವೆಬ್‌ಸೈಟಿನಲ್ಲಿ ಈ ಕೋಡ್ ಹಾಕಿದರೆ ಯಾವ ದೇಶ ಎಲ್ಲಿಂದ ಎಷ್ಟು ಕೊಳ್ಳುತ್ತದೆ ಎಂದು ಸಿಗುತ್ತದೆ. ಸಾವಿರಾರು ರೂಪಾಯಿಗೆ ‘ಬಯರ್ ಲಿಸ್ಟ್’ ಮಾರುವವರನ್ನು ಹತ್ತಿರ ಸೇರಿಸಬೇಡಿ.

ಆಮೇಲೆ ರುಚಿ. ಇಟಲಿಯ ಎಸ್ಪ್ರೆಸ್ಸೋಗೆ ನಮ್ಮ ರೋಬಸ್ಟಾ ಬೇಕು. ಫಿನ್ಲೆಂಡಿನವರು ಎಳೆ ಹುರಿಗೆಯ ಅರೇಬಿಕಾ ಕುಡಿಯುತ್ತಾರೆ. ಗಲ್ಫ್‌ನಲ್ಲಿ ಏಲಕ್ಕಿ ಹಾಕಿದ ತಿಳಿ ಕಾಫಿ. ಅಲ್ಲಿಗಾದರೆ ಲೇಬಲ್ ಅರಬ್ಬಿಯಲ್ಲೂ ಇರಬೇಕು.

ಮೂರನೆಯದು ಕಾನೂನು. ಜಾಸ್ತಿ ಜನ ಎಡವುವುದು ಇಲ್ಲೇ. ಯುರೋಪ್ ಒಕ್ಕೂಟ 2020ರಲ್ಲಿ ಕ್ಲೋರೋಪೈರಿಫಾಸ್ ಎಂಬ ಕೀಟನಾಶಕಕ್ಕೆ ಬಾಗಿಲು ಹಾಕಿತು. ನಮ್ಮಲ್ಲಿ ಬೋರರ್ (ಕೊರೆಯುವ ಹುಳು)ಗೆಂದು ಅದನ್ನೇ ಹೊಡೆದು ರೂಢಿ, ಅಲ್ವಾ? ಬೇರೆ ಮಿತಿ ಗೊತ್ತುಮಾಡದ ಔಷಧಿಯ ಉಳಿಕೆಗೆ ಅಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮಾತ್ರ ಮಿತಿ. ಅಂದರೆ ನೂರು ಟನ್ ಬೀಜದಲ್ಲಿ ಒಂದು ಗ್ರಾಂ! ಜಪಾನ್ ಕೂಡ 2006ರಿಂದ ಇದೇ ಅಳತೆ ಇಟ್ಟುಕೊಂಡಿದೆ. ಹಾಗಾಗಿ ಔಷಧಿ ಹೊಡೆದ ಲೆಕ್ಕದ ಪುಸ್ತಕ ತೆಗೆಯಿರಿ. ಕಾಳುಮೆಣಸು, ಅಡಿಕೆಗೆ ಹೊಡೆದದ್ದನ್ನೂ ಬರೆಯಿರಿ, ಅದೂ ಕಾಫಿ ಗಿಡದ ಮೇಲೇ ಬೀಳುತ್ತದೆ. ಪಟ್ಟಿಯ ಒಂದೊಂದು ಹೆಸರನ್ನೂ ಯುರೋಪ್ ಒಕ್ಕೂಟದ ಕೀಟನಾಶಕ ಡೇಟಾಬೇಸಿನಲ್ಲಿ ಕಾಫಿ ಬೀಜದ ಎದುರು ನೋಡಿ. ನಂತರ ಲ್ಯಾಬ್ ಪರೀಕ್ಷೆ. ಮೇಲಿನ ಒಂದು ಮೂಟೆಯಿಂದ ಬೊಗಸೆ ತುಂಬಿ ಕಳಿಸಿದರೆ ದುಡ್ಡು ದಂಡ. ಇಡೀ ಲಾಟಿನ ಬೇರೆ ಬೇರೆ ಮೂಟೆಗಳಿಂದ ತೆಗೆದು ಬೆರೆಸಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ನಿಮ್ಮ ಲಾಟನ್ನು ಬೇರೆಯವರದ್ದರ ಜೊತೆ ಸೇರಿಸುವುದಿಲ್ಲ ಎಂದು ಬರೆಸಿಕೊಳ್ಳಿ.

ಮುಂದಿನದು ಬೂಷ್ಟು. ಕಣದಲ್ಲಿ ಮಳೆಗೆ ಸಿಕ್ಕಿದ ಕಾಫಿ ಚೆರ್ರಿಯನ್ನು ರಾಶಿ ಹಾಕಿ ಬಿಟ್ಟರೆ ಆಕ್ರಟಾಕ್ಸಿನ್ ಎಂಬ ಬೂಷ್ಟಿನ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಅದರ ಮಿತಿಯನ್ನು ಯುರೋಪಿನವರು 2023ರಿಂದ ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿದ್ದಾರೆ. ಹುರಿದರೆ ಎಲ್ಲಾ ಹೋಗುತ್ತೆ ಎನ್ನುವವರ ಮಾತು ನಂಬಬೇಡಿ.

ಇನ್ನು ಯುರೋಪ್ ಒಕ್ಕೂಟದ ಅರಣ್ಯನಾಶ ತಡೆ ಕಾಯಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅದರಡಿ ನಡೆಯುವುದಿಲ್ಲ. ತೋಟ 4 ಹೆಕ್ಟೇರ್ ಮೀರಿದರೆ, ಅಂದರೆ ಸುಮಾರು ಹತ್ತು ಎಕರೆ, ಸುತ್ತಲಿನ ಗಡಿಯನ್ನೇ ಜಿಪಿಎಸ್‌ನಲ್ಲಿ ಗುರುತಿಸಿ ಕೊಡಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಾರಿ ಮುಂದಕ್ಕೆ ಹೋಯಿತೆಂದು ಸುಮ್ನೆ ಕೂರಬೇಡಿ, ಬೇಸಿಗೆಯಲ್ಲೇ ಗಡಿ ನಡೆದು ಮುಗಿಸಿ.

ಸುಂಕದ ಲೆಕ್ಕ ಸುಲಭ. ಯುರೋಪಿನಲ್ಲಿ ಹುರಿಯದ ಬೀಜಕ್ಕೆ ಸುಂಕವಿಲ್ಲ, ಹುರಿದದ್ದಕ್ಕೆ ಸಾಮಾನ್ಯ ದರ ಶೇ 7.5. ಜರ್ಮನಿಯಲ್ಲಂತೂ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಕಾಫಿ ತೆರಿಗೆ ಬೇರೆ. ಹೊಸಬರು ಅಲ್ಲಿಗೆ ಬೀಜವನ್ನೇ ಕಳಿಸಿ, ಚೆಂದದ ಡಬ್ಬಿ ಆಮೇಲೆ.

ರಫ್ತುದಾರರ ಕೋಡ್ (ಐಇಸಿ), ಕಾಫಿ ಮಂಡಳಿ ನೋಂದಣಿ ಆನ್‌ಲೈನಲ್ಲೇ ಆಗುತ್ತದೆ. ಕೊಳ್ಳುವವರು ಸಾಲ ಕೇಳಿದರೆ ಸರ್ಕಾರಿ ರಫ್ತು ಸಾಲ ವಿಮಾ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸದೆ ಮಂಗಳೂರಿಗೆ ಲಾರಿ ಹೊರಡಿಸಬೇಡಿ.